ಅರಿಶಿನ ಎಷ್ಟು ಹಳದಿ ಇರಬೇಕು?

ಇವತ್ತಿನ ಸಂಚಿಕೆಯಲ್ಲಿ ಅತಿಥಿಗಳು ಯಾರೂ ಇಲ್ಲ, ನಾನೊಬ್ಬನೇ. ಮಾತಾಡೋಕೆ ಹೊರಟಿರೋದು ಒಂದು ಬಣ್ಣದ ಬಗ್ಗೆ. ವಿಜ್ಞಾನ ಇದ್ದೇ ಇರುತ್ತೆ, ಜೊತೆಗೆ ಸ್ವಲ್ಪ ಜಗಳವೂ ಇದೆ. ಜಗಳದ ಭಾಗ ಪೂರ್ತಿ ನನ್ನ ಸ್ವಂತ ಅಭಿಪ್ರಾಯ ಅಂತ ಮೊದಲೇ ಹೇಳಿಬಿಡ್ತೀನಿ.

ಬಣ್ಣ ಯಾವುದು ಅಂದ್ರೆ, ಅರಿಶಿನ. ನೋಡಿ, ಕನ್ನಡದಲ್ಲಿ ಈ ಬಣ್ಣಕ್ಕೆ ದಿನಬಳಕೆಯಲ್ಲಿ ಎರಡು ಹೆಸರಿದೆ. ಒಂದು ಅರಿಶಿನ ಬಣ್ಣ, ಇನ್ನೊಂದು ಹಳದಿ. ಮೊದಲನೆಯದು ನೇರವಾಗಿ ಅಡುಗೆಮನೆಯ ಡಬ್ಬಿಯಿಂದ ಬಂದದ್ದು. ಎರಡನೆಯದು ಮರಾಠಿಯ ಹಳದ್, ಹಿಂದಿಯ ಹಲ್ದಿ, ಅದರ ಹಿಂದೆ ಸಂಸ್ಕೃತದ ಹರಿದ್ರಾ. ಅದೂ ಅರಿಶಿನವೇ! ಅಂದ್ರೆ ನಿಂಬೆಹಣ್ಣು ಹಳದಿ, ಸೇವಂತಿಗೆ ಹಳದಿ ಅಂತ ನಾವು ಹೇಳಿದಾಗಲೆಲ್ಲ ಅವನ್ನು ಅರಿಶಿನಕ್ಕೆ ಹೋಲಿಸ್ತಾ ಇದ್ದೀವಿ. ಹಳದಿ ಹೇಗಿರಬೇಕು ಅನ್ನೋದಕ್ಕೆ ನಮ್ಮ ಅಳತೆಗೋಲೇ ಆ ಕೊಂಬು.

ಈಗ ನನ್ನ ತಕರಾರು. ಆ ಅಳತೆಗೋಲು ತಿರುಗಾಮುರುಗಾ ಆಗಿಬಿಟ್ಟಿದೆ. ಅರಿಶಿನ ನೋಡಿ ಹಳದಿ ಕಲಿತವರು ನಾವು, ಈಗ ತಲೆಯಲ್ಲಿರೋ ಯಾವುದೋ ಒಂದು ಹಳದಿ ಇಟ್ಟುಕೊಂಡು ಅರಿಶಿನವನ್ನೇ ಪರೀಕ್ಷೆ ಮಾಡ್ತಾ ಇದ್ದೀವಿ. ಎಷ್ಟು ಹೊಳೆದರೆ ಅಷ್ಟು ಒಳ್ಳೆಯದು ಅಂತ. ಇದರ ಬೆಲೆ ಯಾರು ಕೊಡ್ತಾರೆ ಅನ್ನೋದನ್ನ ನಾನು ನನ್ನ ಮನೆಯಲ್ಲೇ ಕಲಿಯಬೇಕಾಯ್ತು.

ನಮ್ಮ ಊರು ಚಾಮರಾಜನಗರದ ಕಡೆ. ಅಲ್ಲಿ ಅರಿಶಿನ ಬೆಳೆಯೋದು ಹೊಸದಲ್ಲ. ಅಮ್ಮ ಪ್ರತಿ ವರ್ಷ ಪಕ್ಕದ ಹೊಲದವರಿಂದ ಒಂದಿಷ್ಟು ಹಸಿ ಕೊಂಬು ತಗೊಂಡು, ಬೇಯಿಸಿ, ಮಹಡಿ ಮೇಲೆ ಒಣಗಿಸಿ, ಮಿಲ್ಲಿನಲ್ಲಿ ಪುಡಿ ಮಾಡಿಸಿ ಇಡ್ತಾರೆ. ನಾವು ಊರಿಗೆ ಹೋದಾಗ ಒಂದು ಕೆಜಿ ಸೂಟ್‌ಕೇಸಿಗೆ ಬೀಳುತ್ತೆ. ಕೆಲವು ವರ್ಷಗಳ ಹಿಂದೆ ಹೋದಾಗ ದಾರಿಯಲ್ಲಿ ಒಂದು ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡೋ ಅರಿಶಿನ ಪುಡಿ ಕಂಡಿತು. ಏನು ಬಣ್ಣ ಅಂತೀರಿ! ಅದನ್ನೂ ಒಂದು ಕೆಜಿ ಕಟ್ಟಿಸಿದೆ. ನ್ಯೂ ಜೆರ್ಸಿಗೆ ವಾಪಸ್ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಮ್ಮನ ಪುಡಿ ಮಣ್ಣಿನ ಥರ ಕಾಣಿಸಿತು. ಹಳೇದಾಗಿರಬೇಕು ಅಂತ ನಾನೇ ಅದನ್ನ ಎಸೆದೆ. ಫೋನಿನಲ್ಲಿ ಹೇಳಿದಾಗ ಅಮ್ಮ, "ಬಣ್ಣ ಇಲ್ದೇ ಇದ್ರೇನೋ, ಅರಿಶ್ನ ಅಲ್ವಾ ಅದು" ಅಂದ್ರು. ನಾನು ನಕ್ಕು ಸುಮ್ಮನಾದೆ.

ಮಗಳಿಗೆ ಆಗ ಒಂದು ವರ್ಷ ತುಂಬಿತ್ತು. ಅನ್ನ, ತೊವ್ವೆ ತಿನ್ನೋಕೆ ಶುರು ಮಾಡಿದ್ದಳು. ಇಲ್ಲಿ ಆ ವಯಸ್ಸಿಗೆ ಮಕ್ಕಳ ರಕ್ತದಲ್ಲಿ ಸೀಸ ಇದೆಯಾ ಅಂತ ನೋಡ್ತಾರೆ. ಅಮೆರಿಕದ ಸಿಡಿಸಿ 2021ರಲ್ಲಿ ಇಟ್ಟ ಗೆರೆ ಅಂದ್ರೆ, ಒಂದು ಡೆಸಿಲೀಟರ್ ರಕ್ತಕ್ಕೆ 3.5 ಮೈಕ್ರೋಗ್ರಾಂ. ನಮ್ಮ ಮಗಳದ್ದು ಅದಕ್ಕಿಂತ ಸ್ವಲ್ಪ ಮೇಲಿತ್ತು. ಸ್ವಲ್ಪವೇ. ಆದರೆ ಸೀಸದ ವಿಷಯದಲ್ಲಿ ಇಷ್ಟರವರೆಗೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಮಕ್ಕಳ ದೇಹ ಹೀರಿಕೊಳ್ಳುತ್ತೆ. ಹೋಗಿ ಕೂರೋದು ಬೆಳೀತಾ ಇರೋ ಮಿದುಳಿನಲ್ಲಿ, ಮೂಳೆಯಲ್ಲಿ.

ಆರೋಗ್ಯ ಇಲಾಖೆಯ ನರ್ಸ್ ಫೋನ್ ಮಾಡಿದರು. ಮನೆ ಎಷ್ಟು ಹಳೇದು, ಗೋಡೆಯ ಬಣ್ಣ ಉದುರ್ತಾ ಇದೆಯಾ, ಆಟದ ಸಾಮಾನು ಯಾವುದು ಅಂತ ಕೇಳ್ತಾ ಕೇಳ್ತಾ ಕಾಡಿಗೆ, ಸಿಂಧೂರ, ಮಸಾಲೆಗೆ ಬಂದರು. ನನಗೆ ಸಿಟ್ಟು ಬಂತು, ನಿಜ ಹೇಳ್ತೀನಿ. ಇವರಿಗೆ ನಮ್ಮ ಅಡುಗೆಮನೆ ಮೇಲೇ ಕಣ್ಣು ಅನ್ನಿಸಿತು. ಆಮೇಲೆ ಗೊತ್ತಾಯ್ತು, ಆ ಪ್ರಶ್ನೆಗಳ ಹಿಂದೆ ಲೆಕ್ಕ ಇದೆ. ಇಲ್ಲಿಯದೇ ರಟ್ಗರ್ಸ್ ವಿಶ್ವವಿದ್ಯಾಲಯದವರು ಸಿಂಧೂರದ ಪುಡಿಯಲ್ಲಿರೋ ಸೀಸದ ಬಗ್ಗೆ 2017ರಲ್ಲೇ ಪ್ರಕಟಿಸಿದ್ದರು. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ವರ್ಷಗಟ್ಟಲೆ ಮಸಾಲೆಗಳನ್ನು ಪರೀಕ್ಷೆ ಮಾಡಿತ್ತು. ನಾನು ಹಳದಿ ಡಬ್ಬಿಯಿಂದ ಒಂದಿಷ್ಟು ಪುಡಿ ಲ್ಯಾಬಿಗೆ ಕಳಿಸಿದೆ. ಇರಬಾರದಷ್ಟು ಸೀಸ ಇತ್ತು. ಯಾವ ಅಂಗಡಿ, ಯಾವ ಊರು ಅಂತ ಹೇಳಲ್ಲ, ಅಂಗಡಿಯವನಿಗೂ ಗೊತ್ತಿರಲಿಕ್ಕಿಲ್ಲ. ಅಮ್ಮನ ಪುಡಿಯನ್ನೂ ನೋಡಿಸೋಣ ಅಂದ್ರೆ ಅದು ಆಗಲೇ ಕಸಕ್ಕೆ ಹೋಗಿತ್ತು.

ಸರಿ, ಈಗ ರಸಾಯನಶಾಸ್ತ್ರಕ್ಕೆ ಬರೋಣ. ಅರಿಶಿನದಲ್ಲಿ ಬಣ್ಣ ಕೊಡೋದು ಕರ್ಕ್ಯುಮಿನ್ ಮತ್ತು ಅದರ ಹತ್ತಿರದ ಒಂದೆರಡು ಅಣುಗಳು. 1815ರಲ್ಲಿ ಫೋಗೆಲ್ ಮತ್ತು ಪೆಲ್ತಿಯೆ ಅನ್ನೋ ಇಬ್ಬರು ಇದನ್ನ ಬೇರ್ಪಡಿಸಿದರು, ಅದರ ರಚನೆ ಗೊತ್ತಾಗೋಕೆ 1910ರವರೆಗೆ ಕಾಯಬೇಕಾಯ್ತು. ಎರಡು ಉಂಗುರ, ಮಧ್ಯೆ ಇಂಗಾಲದ ಸರಪಳಿ, ಉದ್ದಕ್ಕೂ ಒಂದು ಬಿಟ್ಟು ಒಂದು ಜೋಡಿಬಂಧ. ಇಂಥ ಅಣು ನೀಲಿ-ನೇರಳೆ ಬೆಳಕನ್ನು ನುಂಗಿಬಿಡುತ್ತೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತೆ. ಒಣಗಿದ ಕೊಂಬಿನಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು ಭಾಗ, ಅಷ್ಟೇ.

ಈ ಅಣುವಿನ ಸ್ವಭಾವ ನನಗೆ ಬಹಳ ಇಷ್ಟ. ಅದು ನಿಂತಲ್ಲಿ ನಿಲ್ಲೋದಿಲ್ಲ. ಕ್ಷಾರ ತಗುಲಿದರೆ ಕೆಂಪಾಗುತ್ತೆ. ಸಾರು ಚೆಲ್ಲಿದ ಪಂಚೆಗೆ ಸೋಪು ಹಚ್ಚಿದಾಗ ಕಲೆ ಕೆಂಪಗಾಗೋದನ್ನ ಎಲ್ಲರೂ ನೋಡಿರ್ತೀರಿ. ಹೊಸ ಮದುಮಕ್ಕಳಿಗೆ ಎತ್ತೋ ಕೆಂಪು ಆರತಿ ಇದೆಯಲ್ಲ, ಅದು ನೀರಿಗೆ ಅರಿಶಿನ, ಸುಣ್ಣ ಹಾಕಿದ್ದು. ಹಳೇ ಪದ್ಧತಿಯ ಕುಂಕುಮವೂ ಹಾಗೇ, ಅರಿಶಿನವನ್ನು ಕ್ಷಾರದಿಂದ ಕೆಂಪು ಮಾಡಿದ್ದು. ಅರಿಶಿನ-ಕುಂಕುಮ ಅಂತ ಜೋಡಿಯಾಗಿ ಹೇಳ್ತೀವಿ, ಎರಡೂ ಒಂದೇ ಕೊಂಬು, ಪಿಎಚ್ ಬೇರೆ! ಮನೆಯಲ್ಲಿ ಇದನ್ನ ಮಾಡಿದ ಹೆಂಗಸರು ಪಿಎಚ್ ಅನ್ನೋ ಪದ ಹುಟ್ಟೋಕೆ ಮುಂಚೆಯೇ ಅದರ ಸೂಚಕವನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

ಇನ್ನೊಂದು, ಬಿಸಿಲು ಕಂಡರೆ ಅರಿಶಿನ ಬಿಳಚಿಕೊಳ್ಳುತ್ತೆ. ಬೆಳಕು ಆ ಸರಪಳಿಯನ್ನು ಮುರಿಯುತ್ತೆ. ಕಲೆಯಾದ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿ, ಸಂಜೆಗೆ ಬಹುಪಾಲು ಹೋಗಿರುತ್ತೆ. (ಇಲ್ಲಿನ ಮದುವೆ ಹಾಲ್‌ಗಳಲ್ಲಿ ಕಾರ್ಪೆಟ್ ಹಾಳಾಗುತ್ತೆ ಅಂತ ಅರಿಶಿನ ಶಾಸ್ತ್ರಕ್ಕೇ ಬೇಡ ಅಂತಾರೆ. ಅದಕ್ಕೇ ಈಗ ಹಳದಿ ಕುರ್ತಾ, ಪ್ಲಾಸ್ಟಿಕ್ ಚೆಂಡುಹೂವು ಎಲ್ಲ ಇರುತ್ತೆ, ಅರಿಶಿನ ಮಾತ್ರ ಒಂದು ಚಿಕ್ಕ ಬಟ್ಟಲಲ್ಲಿ ಮೂಲೆಯಲ್ಲಿ.) ಅಂದ್ರೆ ನಿಜವಾದ ಅರಿಶಿನ ಮಂಕಾಗೋದು ದೋಷ ಅಲ್ಲ, ಅದರ ಗುಣವೇ ಅದು. ಬಿಸಿಲಲ್ಲಿ ಒಣಗಿಸಿ, ಒಂದು ವರ್ಷ ಇಟ್ಟ ಪುಡಿ ಸ್ವಲ್ಪ ಮಂಕಾಗಿರಲೇಬೇಕು.

ಇದರ ಎದುರು ಇನ್ನೊಂದು ಹಳದಿ ಇದೆ. ಫ್ರಾನ್ಸಿನ ವೋಕ್ಲಾಂ 1797ರಲ್ಲಿ ಸೈಬೀರಿಯಾದ ಒಂದು ಕೆಂಪು ಖನಿಜದಿಂದ ಕ್ರೋಮಿಯಂ ಕಂಡುಹಿಡಿದ. ಆ ಖನಿಜವೇ ಲೆಡ್ ಕ್ರೋಮೇಟ್, ಅಂದ್ರೆ ಸೀಸ, ಕ್ರೋಮಿಯಂ, ಆಮ್ಲಜನಕ ಸೇರಿದ್ದು. ತೂಕದಲ್ಲಿ ಶೇಕಡ 64 ಭಾಗ ಸೀಸ. ಅದನ್ನ ಕಾರ್ಖಾನೆಯಲ್ಲಿ ತಯಾರಿಸಿದಾಗ ಅದ್ಭುತ ಹಳದಿ ಪುಡಿ ಸಿಗುತ್ತೆ, ಕ್ರೋಮ್ ಯೆಲ್ಲೋ. ವ್ಯಾನ್ ಗೋ ಸೂರ್ಯಕಾಂತಿ ಬರೆದದ್ದು ಇದರಲ್ಲೇ. ಅಮೆರಿಕದ ಸ್ಕೂಲ್ ಬಸ್ ಕೂಡ ಇದೇ ಕುಲದ್ದು. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸಿರ್ ಅನ್ನೋರು ಸಭೆ ಕರೆದು, ದೇಶದ ಶಾಲಾ ಬಸ್ಸುಗಳಿಗೆಲ್ಲ ಒಂದೇ ಬಣ್ಣ ಅಂತ ನಿರ್ಧಾರ ಮಾಡಿದರು. ಆ ಬಣ್ಣಕ್ಕೆ ಮೊದಲು ಇಟ್ಟ ಹೆಸರಿನಲ್ಲೇ ಕ್ರೋಮ್ ಇತ್ತು. ಮುಂಜಾವಿನ ಮಬ್ಬಿನಲ್ಲೂ ದೂರದಿಂದ ಕಾಣಬೇಕು ಅನ್ನೋದು ಲೆಕ್ಕ. ಹಳದಿಗೆ ನಮ್ಮ ಕಣ್ಣಿನ ಕೆಂಪು, ಹಸಿರು ಎರಡೂ ಬಗೆಯ ಶಂಕುಕೋಶಗಳು ಜೋರಾಗಿ ಸ್ಪಂದಿಸುತ್ತವೆ, ಅದಕ್ಕೇ ಅದು ಕಣ್ಣಿಗೆ ಹೊಡೆಯುತ್ತೆ. ಈಗ ಬಸ್ಸಿನ ಬಣ್ಣದಿಂದ ಸೀಸ ತೆಗೆದಿದ್ದಾರೆ.

ಬಸ್ಸಿನಿಂದ ಹೋಯ್ತು, ತೊವ್ವೆಗೆ ಬಂತು. ಹೇಗೆ?

ಅರಿಶಿನ ಅಗೆದು, ಬೇಯಿಸಿ, ಹತ್ತು ಹದಿನೈದು ದಿನ ಒಣಗಿಸಿದರೆ ನೂರು ಕೆಜಿ ಹಸಿ ಕೊಂಬು ಇಪ್ಪತ್ತು ಕೆಜಿ ಆಸುಪಾಸಿಗೆ ಇಳಿಯುತ್ತೆ. ಹೊರಗೆ ಒರಟು ಸಿಪ್ಪೆ, ಬೇರಿನ ಎಳೆ, ಮಾಸಲು ಬಣ್ಣ. ಆಮೇಲೆ ತಿರುಗೋ ಡ್ರಮ್ಮಿಗೆ ಹಾಕಿ ಉಜ್ಜುತ್ತಾರೆ, ಪಾಲಿಶ್ ಅಂತಾರೆ. ಕೊನೆಯಲ್ಲಿ ನೀರಿನ ಜೊತೆ ಒಂದಿಷ್ಟು ಅರಿಶಿನ ಪುಡಿಯನ್ನೇ ಮೇಲೆ ಚಿಮುಕಿಸಿ ಬಣ್ಣ ಕೊಡೋದು ರೂಢಿ. ಇದರಲ್ಲಿ ಮೋಸ ಇಲ್ಲ. ಮೋಸ ನುಸುಳೋದು ಇದೇ ಡ್ರಮ್ಮಿನ ಹತ್ತಿರ, ಅರಿಶಿನ ಪುಡಿಯ ಜಾಗಕ್ಕೆ ಕ್ರೋಮ್ ಹಳದಿ ಬಂದಾಗ. ಅದು ಅಗ್ಗ, ಭಾರ, ನೀರಿಗೆ ಕರಗಲ್ಲ, ಒಂದು ಋತುವಿನ ಬಿಸಿಲಿಗೆ ಬಿಳಚಿಕೊಳ್ಳಲ್ಲ. ಅರಿಶಿನಕ್ಕಿಂತ ಚೆನ್ನಾಗಿ ಅರಿಶಿನದ ವೇಷ ಹಾಕುತ್ತೆ.

ಬಾಂಗ್ಲಾದೇಶದಲ್ಲಿ ಇದು ಹೇಗೆ ಶುರುವಾಯ್ತು ಅನ್ನೋದನ್ನ ಸ್ಟ್ಯಾನ್‌ಫರ್ಡ್‌ನ ಜೆನ್ನಾ ಫೋರ್ಸಿತ್ ಮತ್ತು ಅಲ್ಲಿನ ಸಂಶೋಧಕರು ಹುಡುಕಿಕೊಂಡು ಹೋದರು. 1980ರ ದಶಕದ ದೊಡ್ಡ ಪ್ರವಾಹದಲ್ಲಿ ನೆನೆದ ಅರಿಶಿನ ಮಂಕಾಯ್ತು, ಕೊಳ್ಳೋರು ಬಣ್ಣ ಕೇಳಿದರು, ವ್ಯಾಪಾರಿಗಳು ಬಣ್ಣ ಕೊಟ್ಟರು. ಅಲ್ಲಿ ಆ ಪುಡಿಗೆ ಪಿಯೂರಿ ಅಂತ ಹೆಸರು. ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಿತ್ತು, ಎಲ್ಲಿಂದ ಅಂತ ಗೊತ್ತಿರಲಿಲ್ಲ. ಸೀಸದ ಐಸೋಟೋಪ್‌ಗಳು ಬೆರಳಚ್ಚು ಇದ್ದ ಹಾಗೆ, ಮೂಲದಿಂದ ಮೂಲಕ್ಕೆ ಅವುಗಳ ಅನುಪಾತ ಬೇರೆ. ರಕ್ತದಲ್ಲಿದ್ದ ಸೀಸದ ಬೆರಳಚ್ಚು ಅರಿಶಿನದಲ್ಲಿದ್ದ ಬಣ್ಣದ ಜೊತೆ ತಾಳೆಯಾಯ್ತು. 2019ರಲ್ಲಿ ಇದು ಪ್ರಕಟವಾಯ್ತು.

ಮುಂದೆ ಆದದ್ದು ನನಗೆ ಈ ಕಥೆಯಲ್ಲೇ ಅತ್ಯಂತ ಮುಖ್ಯ. ಅಲ್ಲಿನ ಸರ್ಕಾರ ಅಲ್ಲಗಳೆಯುತ್ತಾ ಕೂರಲಿಲ್ಲ. ಪತ್ರಿಕೆಗಳಲ್ಲಿ ಎಚ್ಚರಿಕೆ ಬಂತು, ಮಾರುಕಟ್ಟೆಗಳಲ್ಲಿ ನೋಟಿಸ್ ಅಂಟಿಸಿದರು. ಅಧಿಕಾರಿಗಳು ಕೈಯಲ್ಲಿ ಹಿಡಿಯೋ ಎಕ್ಸ್-ರೇ ಯಂತ್ರ ತಗೊಂಡು ಢಾಕಾದ ಸಗಟು ಮಾರುಕಟ್ಟೆಗೆ ಹೋಗಿ ಅಲ್ಲೇ ಪರೀಕ್ಷೆ ಮಾಡಿ, ಅಲ್ಲೇ ದಂಡ ಹಾಕಿದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡ 47ರಲ್ಲಿ ಸೀಸ ಸಿಕ್ಕಿತ್ತು. 2021ಕ್ಕೆ ಸೊನ್ನೆ. ಸೊನ್ನೆ! ಎರಡು ವರ್ಷದಲ್ಲಿ.

ಈಗ ನಮ್ಮ ಕಡೆ. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾದ 23 ನಗರಗಳಿಂದ ತಂದ 356 ಮಾದರಿಗಳ ಅಧ್ಯಯನ 2024ರಲ್ಲಿ ಬಂತು. ಶೇಕಡ 14ರಲ್ಲಿ ಗ್ರಾಂಗೆ 2 ಮೈಕ್ರೋಗ್ರಾಂ ಮೀರಿದ ಸೀಸ. ಪಟ್ನಾ, ಕರಾಚಿ, ಪೇಶಾವರದ ಕೆಲವು ಮಾದರಿಗಳಲ್ಲಿ 1000 ಮೈಕ್ರೋಗ್ರಾಂಗೂ ಮೇಲೆ. ಇದರ ಅರ್ಥ ನೋಡಿ. ಮಗುವಿನ ತೊವ್ವೆಗೆ ಬೀಳೋ ಚಿಟಿಕೆ ಒಂದು ಗ್ರಾಂನ ಹತ್ತನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಗ್ರಾಂಗೆ ಸಾವಿರ ಇದ್ದರೆ ಚಿಟಿಕೆಗೆ ನೂರು ಮೈಕ್ರೋಗ್ರಾಂ. ಅಮೆರಿಕದ ಎಫ್‌ಡಿಎ ಮಕ್ಕಳ ಆಹಾರದಲ್ಲಿನ ಸೀಸವನ್ನು ಅಳೆಯೋಕೆ ಇಟ್ಟುಕೊಂಡಿರೋ ಮಟ್ಟ ಇಡೀ ದಿನಕ್ಕೆ 2.2 ಮೈಕ್ರೋಗ್ರಾಂ. ಒಂದು ಚಿಟಿಕೆಯಲ್ಲಿ ಅದರ ನಲವತ್ತೈದು ಪಟ್ಟು.

ನಿಯಮ ಇಲ್ಲ ಅಂತಲ್ಲ. ಅರಿಶಿನ ಪುಡಿಯಲ್ಲಿ ಲೆಡ್ ಕ್ರೋಮೇಟ್ ಪರೀಕ್ಷೆ ನೆಗೆಟಿವ್ ಇರಲೇಬೇಕು ಅಂತ ನಮ್ಮ ಎಫ್‌ಎಸ್‌ಎಸ್‌ಎಐ ನಿಯಮದಲ್ಲೇ ಇದೆ. ಇಲ್ಲದೇ ಇರೋದು ಹಟ. ಒಂದು ಉದಾಹರಣೆ ಹೇಳ್ತೀನಿ. ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದಾಗ ನಮ್ಮ ಸಿಎಸ್‌ಐಆರ್ ಹಳೇ ಗ್ರಂಥಗಳನ್ನೆಲ್ಲ ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನ ರದ್ದು ಮಾಡಿಸಿತು. ಒಳ್ಳೆಯ ಕೆಲಸ, ಇವತ್ತಿಗೂ ವಾಟ್ಸಾಪ್‌ನಲ್ಲಿ ಎದೆ ತಟ್ಟಿಕೊಳ್ತೀವಿ. ಅರಿಶಿನದ ಹೆಸರನ್ನು ಕಾಪಾಡೋಕೆ ಇದ್ದ ಆ ಉತ್ಸಾಹ ಅರಿಶಿನ ತಿನ್ನೋ ಮಗುವನ್ನು ಕಾಪಾಡೋಕೆ ಯಾಕಿಲ್ಲ? ಸೀಸದ ಸುದ್ದಿ ಗುಂಪಿನಲ್ಲಿ ಹಾಕಿದರೆ ಮೊದಲ ಉತ್ತರವೇ, ನಮ್ಮ ಸಂಸ್ಕೃತಿಗೆ ಮಸಿ ಬಳಿಯೋ ಹುನ್ನಾರ ಇದು ಅಂತ. ನನ್ನ ಪ್ರಕಾರ ಸಂಸ್ಕೃತಿಗೆ ಅವಮಾನ ಆಗಿರೋದು ಡ್ರಮ್ಮಿನ ಹತ್ತಿರ, ಲ್ಯಾಬಿನಲ್ಲಿ ಅಲ್ಲ.

ಕೆಲವರು ಕೇಳ್ತಾರೆ, ಬಣ್ಣ ನೋಡೋದು ತಪ್ಪಾ, ಬಣ್ಣ ಹೆಚ್ಚಿದ್ದರೆ ಕರ್ಕ್ಯುಮಿನ್ ಹೆಚ್ಚಿರುತ್ತಲ್ಲ ಅಂತ. ಒಪ್ತೀನಿ, ಕಲಬೆರಕೆ ಇಲ್ಲದ ಕಾಲಕ್ಕೆ ಅದು ಒಳ್ಳೆಯ ಲೆಕ್ಕ. ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡೋ ಹಳೇ ವ್ಯಾಪಾರಿ ದಡ್ಡನಲ್ಲ. ನಾವು ನೋಡ್ತಾ ಇರೋದು ಹೊರಗಿನದು, ಇಲ್ಲಾ ಪುಡಿ. ಮತ್ತೆ ಅಡುಗೆಗೆ ಬೇಕಾದ ಘಮ ಕರ್ಕ್ಯುಮಿನ್‌ನಿಂದ ಬರೋದೇ ಅಲ್ಲ, ಅದಕ್ಕೆ ಹೇಳಿಕೊಳ್ಳೋ ರುಚಿಯೂ ಇಲ್ಲ. ಅರಿಶಿನದ ವಾಸನೆ ಅದರ ಎಣ್ಣೆಯಲ್ಲಿರೋ ಟರ್ಮೆರೋನ್‌ಗಳದ್ದು. ಆದರೂ ಹಳದಿ ಕಡಿಮೆಯಾದರೆ ಸಾರು ಸಪ್ಪೆ ಅನ್ನಿಸುತ್ತೆ, ನನಗೂ ಅನ್ನಿಸಿದೆ. ಇದು ಕಣ್ಣಿನ ಆಟ. 2001ರಲ್ಲಿ ಬೋರ್ಡೊದಲ್ಲಿ ವೈನ್ ಕಲಿಯೋ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಕೆಂಪು ವೈನಿಗೆ ಬಳಸೋ ಪದಗಳಲ್ಲೇ ಅದರ ಪರಿಮಳವನ್ನು ವರ್ಣಿಸಿದರು. ಅದನ್ನೇ ಕಲೀತಾ ಇದ್ದೋರ ಮೂಗನ್ನೇ ಕಣ್ಣು ಮೋಸ ಮಾಡುತ್ತೆ ಅಂದ ಮೇಲೆ ಅಂಗಡಿಯಲ್ಲಿ ನಿಂತ ನಮ್ಮ ಪಾಡೇನು.

ಮನೆಯಲ್ಲೇ ಪರೀಕ್ಷೆ ಮಾಡಬಹುದಾ ಅಂತ ಕೇಳಬೇಡಿ. ಲೋಟದ ನೀರಿಗೆ ಹಾಕಿ ನೋಡಿ, ಸೋಡಾ ಹಾಕಿ ನೋಡಿ ಅನ್ನೋ ವಿಡಿಯೋಗಳು ಓಡಾಡ್ತವೆ. ಸೋಡಾಕ್ಕೆ ಕೆಂಪಾದರೆ ಅರಿಶಿನ ಇದೆ ಅಂತ ಅರ್ಥ, ಸೀಸ ಇಲ್ಲ ಅಂತ ಅಲ್ಲ. ಗ್ರಾಂಗೆ ಮೈಕ್ರೋಗ್ರಾಂ ಲೆಕ್ಕದ ವಿಷ ಬರಿಗಣ್ಣಿಗೆ ಕಾಣಲ್ಲ. ಕುದಿಸಿದರೂ ಹೋಗಲ್ಲ, ಅದು ಲೋಹ.

ಹೊರದೇಶದಲ್ಲಿರೋ ನಾವು ಒಂದು ವಿಷಯದಲ್ಲಿ ಅದೃಷ್ಟವಂತರು. ಮಗುವಿನ ರಕ್ತ ಪರೀಕ್ಷೆ ಆಗುತ್ತೆ, ನರ್ಸ್ ಫೋನ್ ಮಾಡ್ತಾರೆ, ದುಡ್ಡು ಕೊಟ್ಟರೆ ಲ್ಯಾಬ್ ಸಿಗುತ್ತೆ. ಪಟ್ನಾದಲ್ಲಿ ಸಂತೆಯಿಂದ ಕಾಲು ಕೆಜಿ ಕೊಂಬು ತರೋ ತಾಯಿಗೆ ಇದ್ಯಾವುದೂ ಇಲ್ಲ. ಹಾಗಾಗಿ ಕೇಳಬೇಕಾದವರು ನಾವು. ಎಡಿಸನ್ ಇರಲಿ, ದುಬೈ ಇರಲಿ, ನಮ್ಮ ದಿನಸಿ ಅಂಗಡಿಯವರನ್ನ ಲ್ಯಾಬ್ ರಿಪೋರ್ಟ್ ಇದೆಯಾ ಅಂತ ಕೇಳಿ. ಮೊದಲ ಸಲ ವಿಚಿತ್ರವಾಗಿ ನೋಡ್ತಾರೆ, ನನ್ನನ್ನೂ ನೋಡಿದರು. ಹತ್ತನೇ ಗಿರಾಕಿ ಕೇಳಿದಾಗ ಆಮದು ಮಾಡೋನಿಗೆ ಫೋನ್ ಹೋಗುತ್ತೆ, ಅಲ್ಲಿಂದ ಮಂಡಿಗೆ. ಬಣ್ಣ ಬೇಕು ಅನ್ನೋ ಒತ್ತಡ ಹೋದದ್ದೂ ಇದೇ ದಾರಿಯಲ್ಲಿ. ರೈತರನ್ನ ಬೈಯಬೇಡಿ, ಅವರು ಬೆಳೆದ ಕೊಂಬಿನಲ್ಲಿ ಈ ಬಣ್ಣ ಇರಲಿಲ್ಲ.

ಮತ್ತೆ ಮನೆಗೆ ಬಂದವರು ನಿಮ್ಮ ಡಬ್ಬಿ ನೋಡಿ, ಇದೇನ್ರೀ ಅರಿಶಿನ ಇಷ್ಟು ಮಂಕು ಅಂದರೆ ನಾಚಿಕೊಳ್ಳಬೇಡಿ, ನಾನು ನಾಚಿಕೊಂಡಿದ್ದೆ.

ಮಗಳ ರಕ್ತದಲ್ಲಿನ ಸೀಸ ಆಮೇಲಿನ ಪರೀಕ್ಷೆಗಳಲ್ಲಿ ಇಳೀತಾ ಬಂತು. ಒಳಗೆ ಏನಾದರೂ ಬಿಟ್ಟು ಹೋಗಿದೆಯಾ ಅಂತ ಯಾವ ಡಾಕ್ಟರೂ ಹೇಳಲಾರರು, ನಾನೂ ಕೇಳೋದು ಬಿಟ್ಟಿದ್ದೀನಿ. ಈಗ ಅವಳು ಬೆಳಗ್ಗೆ ಹಳದಿ ಬಸ್ಸು ಹತ್ತಿ ಶಾಲೆಗೆ ಹೋಗ್ತಾಳೆ. ಈ ಸಲ ಊರಿಂದ ಬಂದವರ ಕೈಯಲ್ಲಿ ಅಮ್ಮ ಮತ್ತೆ ಒಂದು ಕೆಜಿ ಪುಡಿ ಕಳಿಸಿದ್ದಾರೆ, ಅದೇ ಮಣ್ಣಿನ ಬಣ್ಣ. ಒಂದು ಚಮಚ ತೆಗೆದು ಅದನ್ನೂ ಲ್ಯಾಬಿಗೆ ಕಳಿಸಿದ್ದೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ. ರಿಪೋರ್ಟ್ ಬಂದ ಮೇಲೆ ಏನಿದ್ದರೂ ನಿಮಗೂ ತಿಳಿಸ್ತೀನಿ.